ಸೋತ್ರಾ ಅಂತ ಕೇಳಬೇಡಿ, ಎಷ್ಟರಲ್ಲಿ ಸೋತ್ರಿ ಅಂತ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡಿರುವವರು ಯಾರ್‍ಯಾರು ಎಂದು ಬರುವಾಗ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ರಾತ್ರಿ ಸಾರಿಗೆ ತರಕಾರಿ ಹೆಚ್ಚುತ್ತಿರುವ ತಾಯಂದಿರು ಇರುತ್ತೀರಿ. ಅಂಗಡಿಯ ಗಲ್ಲಾದಲ್ಲಿ ಕೂತ ಅಪ್ಪಂದಿರು ಇರುತ್ತೀರಿ. ನನ್ನ ಹಾಗೆ ಕೊರಳಿಗೆ ವಿಶಲ್ ಕಟ್ಟಿಕೊಂಡು ಬದುಕಿದ ಪಿ.ಟಿ. ಮೇಷ್ಟ್ರುಗಳೂ ಇರುತ್ತೀರಿ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಆಟವಾಡುವ ಒಂದು ಮಗು ಇದ್ದೇ ಇರುತ್ತದೆ. ಸಂಜೆ ಆ ಮಗು ಧೂಳು ಮೆತ್ತಿಕೊಂಡು ಬಾಗಿಲಿಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಗೆದ್ರಾ, ಸೋತ್ರಾ?

ಆ ಪ್ರಶ್ನೆಯನ್ನು ಇವತ್ತಿನಿಂದ ಬಿಟ್ಟುಬಿಡಿ. ಎಷ್ಟರಲ್ಲಿ ಸೋತ್ರಿ ಎಂದು ಕೇಳಿ. ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಅದನ್ನು ರಗ್ಬಿ ಆಟದ ಮೂಲಕ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಕಲಿಸಿದ್ದು ಆ ಆಟ.

ರಗ್ಬಿ ನಮಗೆ ಗೊತ್ತಿಲ್ಲ ಎಂದು ರೇಡಿಯೊ ತಿರುಗಿಸಬೇಡಿ. ಕಬಡ್ಡಿ ಗೊತ್ತಲ್ಲ, ಅಷ್ಟು ಸಾಕು. ಒಂದು ಕಡೆ 15 ಜನ, ಇನ್ನೊಂದು ಕಡೆ 15 ಜನ, ಎರಡೂ ತುದಿ ಚೂಪಾದ ಒಂದು ಚೆಂಡು. ಅದನ್ನು ಎದೆಗೆ ಅವುಚಿಕೊಂಡು ಓಡಿ ಎದುರಾಳಿಯ ಗೆರೆ ದಾಟಿ ನೆಲಕ್ಕೆ ಒತ್ತಬೇಕು. ಒತ್ತಿದರೆ 5 ಅಂಕ, ಅದಕ್ಕೆ ಟ್ರೈ ಅನ್ನುತ್ತಾರೆ. ಆಮೇಲೆ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದರೆ ಇನ್ನೂ 2. ಆಟದ ನಡುವೆ ಹಾಗೆ ಒದೆಯುವ ಅವಕಾಶ ಸಿಕ್ಕಿದರೆ 3. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ. ಎದುರಿಗಿರುವವರು ಸೊಂಟ, ತೊಡೆ, ಕಾಲು ಹಿಡಿದು ಕೆಡವುತ್ತಾರೆ. 80 ನಿಮಿಷ ಇದೇ.

ಇನ್ನೊಂದು ನಿಯಮ ಇದೆ, ನನ್ನ ಕಣ್ಣು ತೆರೆಸಿದ್ದು ಅದೇ. ವಿಶ್ವಕಪ್‌ನ ಗುಂಪಿನ ಪಂದ್ಯಗಳಲ್ಲಿ ಗೆದ್ದವರಿಗೆ ಪಟ್ಟಿಯಲ್ಲಿ 4 ಅಂಕ, ಸಮವಾದರೆ ಇಬ್ಬರಿಗೂ 2. ಸೋತವರಿಗೆ? 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂಕ. ಹೌದು, ಸೋತದ್ದಕ್ಕೆ ಅಂಕ! ಪ್ರೊ ಕಬಡ್ಡಿ ನೋಡುವವರಿಗೆ ಇದು ಹೊಸದಲ್ಲ. ಅಲ್ಲಿಯೂ ಹಲವು ಸೀಸನ್‌ಗಳ ಕಾಲ 7ರ ಒಳಗೆ ಸೋತ ತಂಡಕ್ಕೆ 1 ಅಂಕ ಕೊಡುತ್ತಿದ್ದರು. ಬೆಂಗಳೂರು ಬುಲ್ಸ್ ಸೋಲುವುದು ಖಾತ್ರಿಯಾದ ಮೇಲೂ ಕೊನೆಯ ರೈಡ್‌ಗೆ ನೀವು ಕುರ್ಚಿಯ ತುದಿಗೆ ಬಂದು ಕೂತದ್ದು ಆ ಒಂದು ಅಂಕಕ್ಕೇ ಅಲ್ಲವೇ?

ಈಗ 2007ಕ್ಕೆ ಬನ್ನಿ. ವಿಶ್ವಕಪ್ ಫ್ರಾನ್ಸಿನಲ್ಲಿ. ಪೋರ್ಚುಗಲ್ ದೇಶ ಮೊದಲ ಸಲ ಅಲ್ಲಿಗೆ ಹೋಗಿದೆ. ಪೋರ್ಚುಗಲ್ಲಿನವರು ತಮ್ಮ ತಂಡವನ್ನು ತೋಳಗಳು ಎಂದು ಕರೆಯುತ್ತಾರೆ. ಕೊನೆಯ ಅರ್ಹತಾ ಸುತ್ತಿನಲ್ಲಿ ಉರುಗ್ವೆಯನ್ನು ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ ಒಂದೇ ಒಂದು ಅಂಕದಿಂದ ಹಿಂದೆ ಹಾಕಿ ಬಂದ ತಂಡ ಅದು. ದೊಡ್ಡ ತಂಡಗಳಿಗೆ ರಗ್ಬಿಯೇ ನೌಕರಿ, ಆಟದಿಂದಲೇ ಸಂಬಳ. ಇವರಲ್ಲಿ ಬಹುಪಾಲು ಜನ ಹವ್ಯಾಸಿಗಳು. ಹಗಲು ಬೇರೆ ಕೆಲಸ, ಸಂಜೆ ಮೈದಾನ. ನಾಯಕ ವಾಸ್ಕೊ ಉವಾ ವಕೀಲ. ಅವನ ಇಬ್ಬರು ಸಹೋದರರೂ ಅದೇ ತಂಡದಲ್ಲಿದ್ದರು. ರುಯಿ ಕೊರ್ದೇರು ಎನ್ನುವ ಭಾರೀ ಆಳು ಪಶುವೈದ್ಯ, ನಮ್ಮ ಹಳ್ಳಿಯ ಮಾತಿನಲ್ಲಿ ದನದ ಡಾಕ್ಟರು. ಆ ಹೆಸರು ನೆನಪಿನಲ್ಲಿರಲಿ.

ಮೊದಲ ಪಂದ್ಯ ಸೇಂಟ್ ಎಟಿಯೆನ್ ಎಂಬ ಊರಿನಲ್ಲಿ, ಸ್ಕಾಟ್ಲೆಂಡ್ ಮೇಲೆ. ಆಟಕ್ಕೆ ಮುಂಚೆ ರಾಷ್ಟ್ರಗೀತೆ. ಆ ವಿಡಿಯೊವನ್ನು ನನ್ನ ಹುಡುಗರಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ಹೆಗಲಿಗೆ ಹೆಗಲು ಕೊಟ್ಟು, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಾರೆ, ಕಣ್ಣಲ್ಲಿ ಧಾರಾಕಾರ ನೀರು. ಅಷ್ಟು ದೊಡ್ಡ ಗಂಡಾಳುಗಳು! ಪಂದ್ಯ 56-10ರಲ್ಲಿ ಹೋಯಿತು. 46 ಅಂಕಗಳ ಸೋಲು. ಆದರೆ ಪಂದ್ಯಶ್ರೇಷ್ಠ ಯಾರು ಗೊತ್ತೇ? ಗೆದ್ದ ತಂಡದವರಲ್ಲ. ಸೋತ ತಂಡದ ನಾಯಕ, ಆ ವಕೀಲ, ವಾಸ್ಕೊ ಉವಾ. ನಮ್ಮ ಟೂರ್ನಮೆಂಟುಗಳಲ್ಲಿ ಸೋತ ತಂಡದ ಹುಡುಗನನ್ನು ಹೀಗೆ ವೇದಿಕೆಗೆ ಕರೆದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಎರಡನೆಯ ಪಂದ್ಯ ಲಿಯಾನ್ ನಗರದಲ್ಲಿ, ನ್ಯೂಜಿಲೆಂಡ್ ಮೇಲೆ. ಆ ತಂಡಕ್ಕೆ ಆಲ್ ಬ್ಲ್ಯಾಕ್ಸ್ ಎಂದು ಹೆಸರು, ಅಡಿಯಿಂದ ಮುಡಿವರೆಗೆ ಕಪ್ಪು ಉಡುಪು. ಪಂದ್ಯಕ್ಕೆ ಮುಂಚೆ ತೊಡೆ ತಟ್ಟಿ, ಎದೆ ತಟ್ಟಿ, ನೆಲ ನಡುಗುವ ಹಾಗೆ ಹಾಕಾ ಎಂಬ ಕುಣಿತ ಕುಣಿಯುತ್ತಾರೆ. ಎದುರಿಗೆ ನಿಂತಿರುವವರು ನಮ್ಮ ವಕೀಲರು, ನಮ್ಮ ದನದ ಡಾಕ್ಟರು. ಅಂತರ ಅಳೆಯುವಂಥದ್ದೇ ಅಲ್ಲ. ವಿರಾಮದ ಹೊತ್ತಿಗೆ 52-3. ಆ 3 ಅಂಕವೂ ಬೆವರು ಹರಿಸಿ ಸಂಪಾದಿಸಿದ್ದು.

ಇಲ್ಲಿ ನಿಲ್ಲಿಸಿ ಒಂದು ಮಾತು ಕೇಳುತ್ತೇನೆ. 52-3 ಆದ ಮೇಲೆ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಉಳಿದ 40 ನಿಮಿಷ ಹೇಗೋ ಕಳೆದರೆ ಸಾಕು ಅನಿಸುವುದಿಲ್ಲವೇ? ಇವರು ವಿರಾಮ ಮುಗಿಸಿ ಬಂದು ಆಲ್ ಬ್ಲ್ಯಾಕ್ಸ್‌ನ ಗೆರೆಯ ಹತ್ತಿರಕ್ಕೆ ಚೆಂಡು ತಂದರು. ಗೆರೆಯ ಹತ್ತಿರ ಆಟ ಬಂದರೆ ಓಟಗಾರರ ಕೆಲಸ ಮುಗಿಯಿತು, ಅಲ್ಲಿಂದ ಮುಂದೆ ಭಾರದವರ ಕೆಲಸ. ಗಾಣದ ಎತ್ತಿನ ಹಾಗೆ ತಲೆ ತಗ್ಗಿಸಿ ನೂಕಬೇಕು, ಒಂದೊಂದು ಮೊಳಕ್ಕೂ ಮೈ ಮುರಿಯಬೇಕು. ಆಗ ರುಯಿ ಕೊರ್ದೇರು ಚೆಂಡು ಹಿಡಿದು ತೀರಾ ಹತ್ತಿರದಿಂದ ನುಗ್ಗಿದ. ಮುಂದೆ ಇದ್ದದ್ದು ಜಗತ್ತಿನ ಅತಿ ಬಲಿಷ್ಠ ತಂಡದ ಗೋಡೆ. ದನದ ಡಾಕ್ಟರು ಆ ಗೋಡೆ ಒಡೆದು ಚೆಂಡನ್ನು ನೆಲಕ್ಕೆ ಒತ್ತಿದ. ಟ್ರೈ! ತಂಡದವರೆಲ್ಲ ಅವನ ಮೇಲೆ ಬಿದ್ದರು. ಗ್ಯಾಲರಿ ಎದ್ದು ನಿಂತಿತು. ಫ್ರಾನ್ಸಿನಲ್ಲಿ ದುಡಿಯಲು ಬಂದು ನೆಲೆಸಿದ ಪೋರ್ಚುಗೀಸ್ ಸಂಸಾರಗಳು ಬಹಳ, ಅವರ ಜೊತೆ ಫ್ರೆಂಚರೂ ಕೂಗಿದರು. ವಿಶ್ವಕಪ್ ಗೆದ್ದಾಗಲೂ ಕೆಲವರು ಅಷ್ಟು ಖುಷಿ ಪಡಲಿಕ್ಕಿಲ್ಲ.

ಪಂದ್ಯದ ಕೊನೆಗೆ ಅಂಕ 108-13. ಪೇಪರಿನಲ್ಲಿ ಓದಿದವರಿಗೆ ಇದು ನಾಚಿಕೆಗೇಡು. ನೋಡಿದವರಿಗೆ ಹಾಗಲ್ಲ. ಆ 13ರಲ್ಲಿ 5 ಅಂಕ ಆಲ್ ಬ್ಲ್ಯಾಕ್ಸ್‌ನ ಗೆರೆ ದಾಟಿ ತಂದದ್ದು.

ಮೂರನೆಯದು ಪ್ಯಾರಿಸ್ಸಿನಲ್ಲಿ, ಇಟಲಿ ಮೇಲೆ, 31-5. ನಾಲ್ಕನೆಯದು ತುಲೂಸ್ ನಗರದಲ್ಲಿ, ರೊಮೇನಿಯಾ ಮೇಲೆ. ಇದರಲ್ಲಿ ವಿರಾಮದವರೆಗೂ ಪೋರ್ಚುಗಲ್ಲೇ ಮುಂದಿತ್ತು. ಆಮೇಲೆ ರೊಮೇನಿಯಾದ ಭಾರದವರು ನೂಕಿ ನೂಕಿ ದಣಿಸಿದರು, ಪಂದ್ಯ 14-10ಕ್ಕೆ ಕೈಬಿಟ್ಟಿತು. ಹವ್ಯಾಸಿಗಳು ಸೋಲುವುದು ಹೆಚ್ಚಾಗಿ ಕೊನೆಯ 20 ನಿಮಿಷದಲ್ಲೇ. ಧೈರ್ಯ ಕಡಿಮೆಯಾಗಿ ಅಲ್ಲ, ಉಸಿರು ಕಡಿಮೆಯಾಗಿ. ದಿನವಿಡೀ ಕೆಲಸ ಮಾಡಿ ಸಂಜೆ ಎರಡು ತಾಸು ಓಡಿದವನಿಗೂ, ದಿನವಿಡೀ ಅದೇ ಕೆಲಸವಾಗಿರುವವನಿಗೂ ವ್ಯತ್ಯಾಸ ಕಾಣುವುದು ಅಲ್ಲಿ.

ನಾಲ್ಕು ಪಂದ್ಯ, ನಾಲ್ಕೂ ಸೋಲು. ಗೆದ್ರಾ ಎಂದು ಕೇಳಿದರೆ ಉತ್ತರ ಒಂದೇ, ಇಲ್ಲ. ಎಷ್ಟರಲ್ಲಿ ಸೋತ್ರಿ ಎಂದು ಕೇಳಿ ನೋಡಿ. 46, 95, 26, 4. ಕೊನೆಯದು 7ರ ಒಳಗೆ ಬಂತು, ಆ ಒಂದು ಅಂಕ ಸಿಕ್ಕಿತು. ಇಡೀ ವಿಶ್ವಕಪ್‌ನಿಂದ ಅವರು ಮನೆಗೆ ಒಯ್ದದ್ದು ಆ 1 ಅಂಕ.

ಪೋರ್ಚುಗಲ್ ವಿಷಯಕ್ಕೇ ಬಹಳ ಹೊತ್ತಾಯಿತು, ನನಗೆ ಗೊತ್ತು. ಆಚೆ ಗಾಜಿನ ಹಿಂದೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ದಯವಿಟ್ಟು ಇನ್ನು ಸ್ವಲ್ಪ ಹೊತ್ತು ಕೊಡಿ.

ನಮ್ಮ ಊರಿನ ಹುಡುಗರದ್ದೂ ಒಂದು ರಗ್ಬಿ ತಂಡ ಇದೆ. ಏಳು ಜನರ ಆಟ, ಕಬಡ್ಡಿಯಿಂದ ಬಂದ ಹುಡುಗರೇ ಹೆಚ್ಚು. ಕಾಲು ಹಿಡಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಸಲ ದೊಡ್ಡ ಊರಿನ ತಂಡದ ಮೇಲೆ ಆಡಿ 40-0ರಲ್ಲಿ ಸೋತೆವು. ಮುಂದಿನ ವರ್ಷ ಅದೇ ತಂಡದ ಮೇಲೆ 17-12. ರಾತ್ರಿ ಬಸ್ಸಿನಿಂದ ಇಳಿದಾಗ ಒಬ್ಬ ಹುಡುಗನ ತಂದೆ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. "ಈ ಸಲಾನೂ ಸೋತ್ರಾ ಮೇಷ್ಟ್ರೇ?" ಅಂದರು. ಹುಡುಗ ತಲೆ ತಗ್ಗಿಸಿದ. 40ರಿಂದ 5ಕ್ಕೆ ಇಳಿಸಿ ಬಂದ ಹುಡುಗ! ಬಸ್ಸಿನಲ್ಲಿ ಹಾಡಿಕೊಂಡು ಬಂದವನು, ಮನೆಯವರ ಒಂದು ಪ್ರಶ್ನೆಗೆ ಕುಗ್ಗಿಹೋದ. ಆ ತಂದೆ ಕೆಟ್ಟವರಲ್ಲ, ಮಗನಿಗೆ ಫ್ಲಾಸ್ಕಿನಲ್ಲಿ ಹಾಲು ತಂದಿದ್ದರು. ಕೇಳಿದ ಪ್ರಶ್ನೆ ತಪ್ಪಿತ್ತು, ಅಷ್ಟೇ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಎಷ್ಟರಲ್ಲಿ ಸೋತ್ರಿ ಎಂದು ಕೇಳಿ.

ಪಿ.ಟಿ. ಮೇಷ್ಟ್ರುಗಳು ಪೆನ್ನು ತೆಗೆದುಕೊಳ್ಳಿ. ಪ್ರತಿ ಪಂದ್ಯದ ಅಂತರವನ್ನು ಒಂದು ಪುಸ್ತಕದಲ್ಲಿ ಬರೆಯಿರಿ, ತಾರೀಖು ಹಾಕಿ. ಕೊನೆಯ 20 ನಿಮಿಷದ್ದು ಬೇರೆಯೇ ಬರೆಯಿರಿ. ಜಪಾನ್ 1995ರಲ್ಲಿ ನ್ಯೂಜಿಲೆಂಡ್ ಕೈಯಲ್ಲಿ 145-17ರಲ್ಲಿ ಸೋತಿತ್ತು, 2015ರಲ್ಲಿ ಅದೇ ಜಪಾನ್ ದಕ್ಷಿಣ ಆಫ್ರಿಕಾವನ್ನು 34-32ರಲ್ಲಿ ಸೋಲಿಸಿತು. ನಮೀಬಿಯಾ ಆಸ್ಟ್ರೇಲಿಯಾದ ಮೇಲೆ 2003ರಲ್ಲಿ 142-0ರಲ್ಲಿ ಸೋತಿತ್ತು, 2015ರಲ್ಲಿ ಜಾರ್ಜಿಯಾದ ಮೇಲೆ 17-16. ಒಂದೇ ಅಂಕದ ಆ ಸೋಲು ನಮೀಬಿಯಾಕ್ಕೆ ವಿಶ್ವಕಪ್‌ನ ಪಟ್ಟಿಯಲ್ಲಿ ಮೊಟ್ಟಮೊದಲ ಅಂಕ ತಂದುಕೊಟ್ಟಿತು. ಇವೆಲ್ಲವನ್ನೂ ವಿವರವಾಗಿ ಹೇಳಬೇಕೆಂದಿದ್ದೆ, ಹೊತ್ತಿಲ್ಲ.

ಪೋರ್ಚುಗಲ್ ಕಥೆಯ ಉಳಿದ ಭಾಗ ಹೇಳಿ ಮುಗಿಸುತ್ತೇನೆ. 2007ರ ನಂತರ 16 ವರ್ಷ ಅವರು ವಿಶ್ವಕಪ್ ಕಾಣಲಿಲ್ಲ. 2023ರಲ್ಲಿ ಮತ್ತೆ ಫ್ರಾನ್ಸಿಗೆ ಬಂದರು. ಈಗ ತಂಡದಲ್ಲಿ ಸಂಬಳಕ್ಕೆ ಆಡುವವರೂ ಹಲವರಿದ್ದರು. ವೇಲ್ಸ್ ಮೇಲೆ 28-8ರಲ್ಲಿ ಸೋತರು. ಜಾರ್ಜಿಯಾದ ಮೇಲೆ 18-18, ಸಮ. ಸೇಂಟ್ ಎಟಿಯೆನ್‌ಗೆ ಹೋಗಿ, ಹಿಂದೆ ಅಳುತ್ತ ಹಾಡಿದ ಅದೇ ಊರಿನಲ್ಲಿ, ಆಸ್ಟ್ರೇಲಿಯಾದ ಮೇಲೆ 34-14ರಲ್ಲಿ ಸೋತರು. ಕೊನೆಯ ಪಂದ್ಯ ಫಿಜಿ ಮೇಲೆ, ಊರು ತುಲೂಸ್. ರೊಮೇನಿಯಾದ ಮೇಲೆ 4 ಅಂಕದಲ್ಲಿ ಸೋತಿದ್ದ ಅದೇ ತುಲೂಸ್. ಆಟ ಮುಗಿಯಲು ಎರಡೋ ಮೂರೋ ನಿಮಿಷ ಇರುವಾಗ ಫಿಜಿ 23, ಪೋರ್ಚುಗಲ್ 17. ಅಂಚಿನಲ್ಲಿ ಓಡುವ ರೊದ್ರಿಗೊ ಮಾರ್ತಾ ಚೆಂಡು ಒತ್ತಿದ, 22. ಸಾಮುಯೆಲ್ ಮಾರ್ಕೆಸ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು, 24. ವಿಶ್ವಕಪ್‌ನಲ್ಲಿ ಪೋರ್ಚುಗಲ್‌ನ ಮೊದಲ ಗೆಲುವು, 24-23.

ಇನ್ನು ಸೋತ ಫಿಜಿ. ಅವರು ಸೋತದ್ದು 1 ಅಂಕದಲ್ಲಿ, 7ರ ಒಳಗೆ. ಸೋತವರಿಗೆ ಸಿಗುವ ಆ ಒಂದು ಅಂಕ ಸೇರಿ ಆಸ್ಟ್ರೇಲಿಯಾದ ಸಮಕ್ಕೆ, 11ಕ್ಕೆ ಬಂದರು. ಗುಂಪಿನಲ್ಲಿ ಆಸ್ಟ್ರೇಲಿಯಾವನ್ನು ಮೊದಲೇ ಸೋಲಿಸಿದ್ದರಿಂದ ಫಿಜಿ ಕ್ವಾರ್ಟರ್ ಫೈನಲ್ಲಿಗೆ ಹೋಯಿತು. ಆಸ್ಟ್ರೇಲಿಯಾ ಗಂಟುಮೂಟೆ ಕಟ್ಟಿತು.

ಆ ರಾತ್ರಿ ತುಲೂಸ್‌ನಲ್ಲಿ ಗೆದ್ದವರೂ ಕುಣಿದರು, ಸೋತವರೂ ಮುಂದಿನ ಸುತ್ತಿಗೆ ಹೊರಟರು.

ನಮಸ್ಕಾರ.