ಅಕ್ಷರವೆಂದರೆ ಸಂಖ್ಯೆ

ಕೇಳುಗರೆಲ್ಲರಿಗೂ ನಮಸ್ಕಾರ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು, ಅವರಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವ ತಂದೆತಾಯಂದಿರು ಈ ಹೊತ್ತು ಕೇಳುತ್ತಿದ್ದೀರಿ ಎಂದು ಭಾವಿಸಿ ಒಂದೇ ಸಂಗತಿಯನ್ನು ಹೇಳುತ್ತೇನೆ: ಬೀಜಗಣಿತದಲ್ಲಿ ಅಕ್ಷರವು ಸಂಖ್ಯೆಯ ಪರವಾಗಿ ನಿಲ್ಲುತ್ತದೆ, ವಸ್ತುವಿನ ಪರವಾಗಿ ಅಲ್ಲ.

12ನೆಯ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ ಗ್ರಂಥದಲ್ಲಿ ನನಗೆ ಬಹಳ ಪ್ರಿಯವಾದ ಲೆಕ್ಕವೊಂದಿದೆ. ಒಬ್ಬನ ಬಳಿ 300ರಷ್ಟು ಹಣವೂ ಆರು ಕುದುರೆಗಳೂ ಇವೆ. ಇನ್ನೊಬ್ಬನ ಬಳಿ ಅದೇ ಬೆಲೆಯ ಹತ್ತು ಕುದುರೆಗಳಿವೆ, ಆದರೆ ತಲೆಯ ಮೇಲೆ 100ರಷ್ಟು ಸಾಲವಿದೆ. ಇಬ್ಬರ ಆಸ್ತಿಯೂ ಸಮವಾದರೆ ಒಂದು ಕುದುರೆಯ ಬೆಲೆ ಎಷ್ಟು? ತಿಳಿಯದ ಆ ಬೆಲೆಯನ್ನು ‘ಯಾವತ್ತಾವತ್’ ಎಂದು ಕರೆದು, ಅದನ್ನು ‘ಯಾ’ ಎಂದು ಚಿಕ್ಕದಾಗಿಸಿ, ತಿಳಿದ ಮೊತ್ತಕ್ಕೆ ‘ರೂ’ ಎಂದು ಗುರುತು ಹಾಕಿ, ‘ಯಾ 6 ರೂ 300’ ಎಂದು ಒಂದು ಸಾಲನ್ನೂ ಅದರ ಕೆಳಗೆ ‘ಯಾ 10 ರೂ 100’ ಎಂದು ಇನ್ನೊಂದು ಸಾಲನ್ನೂ ಬರೆಯುವುದು ಅಂದಿನ ಕ್ರಮ. ಸಾಲದ 100ಕ್ಕೆ ಮೇಲೊಂದು ಚುಕ್ಕೆ, ಅಂದರೆ ಅದು ಋಣ ಸಂಖ್ಯೆ. ನಾವು ಬಳಸುವ ಸಮ ಚಿಹ್ನೆಯನ್ನು ಗಣಿತಜ್ಞ ರಾಬರ್ಟ್ ರೆಕಾರ್ಡ್ ಅಚ್ಚು ಹಾಕಿಸಿದ್ದು 1557ರಲ್ಲಿ. ಇಲ್ಲಿ ಒಂದರ ಕೆಳಗೊಂದು ನಿಂತ ಸಾಲುಗಳೇ ಸಮತ್ವವನ್ನು ಹೇಳುತ್ತವೆ.

ಎರಡೂ ಸಾಲುಗಳಿಂದ ಆರು ‘ಯಾ’ ಕಳೆಯಿರಿ, ಎರಡಕ್ಕೂ 100 ಕೂಡಿಸಿ. ಮೇಲೆ 400, ಕೆಳಗೆ ನಾಲ್ಕು ‘ಯಾ’ ಉಳಿಯುತ್ತವೆ. ಬೆಲೆ 100, ಇಬ್ಬರ ಆಸ್ತಿಯೂ 900. ‘ಯಾ’ ಎಂದರೆ ಕುದುರೆ ಎಂದುಕೊಂಡಿದ್ದರೆ, ಆರು ಕುದುರೆಗಳಿಗೆ 300 ಹಣವನ್ನು ಕೂಡಿಸುವುದಾದರೂ ಹೇಗೆ? ‘ಯಾ’ ಕುದುರೆಯಲ್ಲ, ಕುದುರೆಯ ಬೆಲೆ. ಬೆಲೆ ಒಂದು ಸಂಖ್ಯೆ.

ಈ ಕುದುರೆಗಳೇ ನನ್ನ ಸಮಯವನ್ನೆಲ್ಲ ಮೇದುಬಿಟ್ಟವು. ಆದರೂ ಇದನ್ನು ಹೇಳದೆ ಇರಲಾರೆ: ‘ಎ’ ಎಂದರೆ ಆಪಲ್, ‘ಬಿ’ ಎಂದರೆ ಬನಾನಾ ಎಂದು ಮಕ್ಕಳಿಗೆ ಕಲಿಸುವುದನ್ನು ದಯವಿಟ್ಟು ನಿಲ್ಲಿಸಿ. ನಾಳೆ ‘ಎ’ಯನ್ನು ‘ಬಿ’ಯಿಂದ ಗುಣಿಸಬೇಕಾದಾಗ ಆ ಮಗು ಸೇಬನ್ನು ಬಾಳೆಹಣ್ಣಿನಿಂದ ಗುಣಿಸಬೇಕೆ?

ಶಾಲೆಯೊಂದರಲ್ಲಿ ಶಿಕ್ಷಕರ ಸಂಖ್ಯೆಯ ಮೂವತ್ತರಷ್ಟು ಮಕ್ಕಳಿದ್ದಾರೆ ಎಂಬುದನ್ನು ಚಿಹ್ನೆಗಳಲ್ಲಿ ಬರೆಯಲು ಹೇಳಿದರೆ, ಅಕ್ಷರವನ್ನು ವಸ್ತುವೆಂದು ಕಲಿತವರು ‘ಮೂವತ್ತು ಮ ಸಮ ಶಿ’ ಎಂದು ಬರೆದುಬಿಡುತ್ತಾರೆ. ಐವರು ಶಿಕ್ಷಕರನ್ನು ಇಟ್ಟು ನೋಡಿ. ಮಕ್ಕಳು 150, ಅದರ ಮೂವತ್ತರಷ್ಟು 4500, ಐದಲ್ಲ. ಮಕ್ಕಳ ಸಂಖ್ಯೆ ‘ಮ’, ಶಿಕ್ಷಕರ ಸಂಖ್ಯೆ ‘ಶಿ’ ಎಂದು ಮೊದಲು ಪೂರ್ಣ ವಾಕ್ಯದಲ್ಲಿ ಬರೆದುಕೊಂಡವರಿಗೆ ‘ಮೂವತ್ತು ಶಿ ಸಮ ಮ’ ಎಂಬುದು ತಾನಾಗಿಯೇ ಬರುತ್ತದೆ. ನಮಸ್ಕಾರ.