ಕೆಲಸಕ್ಕೆ ಬೇಕಾದಷ್ಟೇ ಡೆಸ್ಕ್‌ಟಾಪ್

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರನ್ನು ಚಾಲೂ ಮಾಡಿದೊಡನೆ ಕಾಣುವ ಕೆಳಗಿನ ಪಟ್ಟಿ, ಮೂಲೆಯ ಗಡಿಯಾರ, ಸಾಲಾಗಿ ನಿಂತ ಐಕಾನುಗಳು, ಇವೆಲ್ಲ ಸೇರಿದ್ದೇ ಕಂಪ್ಯೂಟರ್ ಎಂದು ನಮ್ಮಲ್ಲಿ ಹೆಚ್ಚಿನವರು ಭಾವಿಸಿರುತ್ತೇವೆ. ಆದರೆ ಅದು ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಅಂದರೆ ಕಾರ್ಯಾಚರಣ ವ್ಯವಸ್ಥೆಗೆ, ತೊಡಿಸಿದ ಒಂದು ಅಂಗಿ ಮಾತ್ರ. ತಂತ್ರಜ್ಞರು ಅದನ್ನು ಶೆಲ್ ಎನ್ನುತ್ತಾರೆ, ಬಳಕೆದಾರರು ಡೆಸ್ಕ್‌ಟಾಪ್ ಎನ್ನುತ್ತಾರೆ. ಅದನ್ನು ಕಳಚಿ ಬೇರೊಂದನ್ನು ತೊಡಿಸಲು ಸಾಧ್ಯವಿದೆ. 1995ರಲ್ಲಿ ಬಂದ ವಿಂಡೋಸ್ 95ರಲ್ಲಿಯೂ ಇದಕ್ಕೆ ಎಡೆಯಿತ್ತು: ‘ಸಿಸ್ಟಂ ಡಾಟ್ ಐಎನ್‌ಐ’ ಎಂಬ ಕಡತದಲ್ಲಿ ಶೆಲ್ ಯಾವುದೆಂದು ಹೇಳುವ ಒಂದು ಸಾಲಿದ್ದು, ಅಲ್ಲಿ ವಿಂಡೋಸ್‌ನದೇ ಶೆಲ್ ಆದ ಎಕ್ಸ್‌ಪ್ಲೋರರ್ ಬದಲಿಗೆ ಲೈಟ್‌ಸ್ಟೆಪ್‌ನಂಥ ಇನ್ನೊಂದು ತಂತ್ರಾಂಶದ ಹೆಸರನ್ನು ಬರೆದರೆ, ಮುಂದಿನ ಸಲ ಯಂತ್ರ ಬೇರೆಯದೇ ಮುಖ ಹೊತ್ತು ಏಳುತ್ತಿತ್ತು.

ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಈ ಸ್ವಾತಂತ್ರ್ಯ ಬುನಾದಿಯಲ್ಲೇ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯು, ಪರದೆಯ ಮೇಲೆ ಚಿತ್ರಿಸುವುದನ್ನು ತನ್ನ ಪಾಲಿಗೆ ಇಟ್ಟುಕೊಂಡು, ಕಿಟಕಿಗಳನ್ನು ಸರಿಸುವ, ಹಿಗ್ಗಿಸುವ, ಅವಕ್ಕೆ ಅಂಚು ಕಟ್ಟುವ ಹೊಣೆಯನ್ನು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶಕ್ಕೆ ಬಿಟ್ಟುಕೊಟ್ಟಿತು. ಐಸ್‌ಡಬ್ಲ್ಯೂಎಂ, ಫ್ಲಕ್ಸ್‌ಬಾಕ್ಸ್, ಓಪನ್‌ಬಾಕ್ಸ್ ಎಲ್ಲವೂ ಈ ಜಾತಿಗೆ ಸೇರಿದವು. ನಾನು ನಿತ್ಯ ಬಳಸುವುದು ಓಪನ್‌ಬಾಕ್ಸ್. ಆದ್ದರಿಂದ ಅದನ್ನೇ ಕುರಿತು ಹೇಳುತ್ತೇನೆ.

ನನ್ನಲ್ಲಿ 2 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಅದರೊಂದಿಗೆ ಬಂದ ಡೆಸ್ಕ್‌ಟಾಪ್‌ನಲ್ಲಿ ಒಂದು ಕಡತ ತೆರೆದು ನಾಲ್ಕು ಸಾಲು ಬರೆಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಓಪನ್‌ಬಾಕ್ಸ್ ಹಾಕಿಕೊಂಡು ಮೊದಲ ಸಲ ಒಳಹೊಕ್ಕಾಗ ಕಂಡದ್ದು ಬರಿಯ ಪರದೆ. ಪಟ್ಟಿಯಿಲ್ಲ, ಗಡಿಯಾರವಿಲ್ಲ, ಒಂದು ಐಕಾನೂ ಇಲ್ಲ. ಮೌಸಿನ ಬಲಗುಂಡಿ ಒತ್ತಿದರೆ ಮಾತ್ರ ಕೈಯಿಟ್ಟಲ್ಲೇ ಒಂದು ಮೆನು ತೆರೆದುಕೊಂಡಿತು. ಅದೇ ಅದರ ಬಾಗಿಲು, ಅದೇ ಹಜಾರ.

ಆ ಮೆನುವಿನ ಹೂರಣವೆಲ್ಲ ‘ಮೆನು ಡಾಟ್ ಎಕ್ಸ್‌ಎಂಎಲ್’ ಎಂಬ ಸಾಧಾರಣ ಪಠ್ಯ ಕಡತದಲ್ಲಿರುತ್ತದೆ. ನಾನು ಅದನ್ನು ತೆರೆದು, ಬಳಸದ ಹೆಸರುಗಳನ್ನು ಅಳಿಸಿ, ಉಳಿದವುಗಳಿಗೆ ಬರವಣಿಗೆ, ಅಂಚೆ, ಕಡತಗಳು, ಲೆಕ್ಕ ಎಂದು ಕನ್ನಡದಲ್ಲೇ ಹೆಸರಿಟ್ಟೆ. ಅಕ್ಷರ ಜೋಡಿಸಲು ಓಪನ್‌ಬಾಕ್ಸ್ ಪ್ಯಾಂಗೋ ಎಂಬ ತಂತ್ರಾಂಶವನ್ನು ನೆಚ್ಚಿಕೊಂಡಿರುವುದರಿಂದ ‘ಲೆಕ್ಕ’ದ ಕಕಾರದ ಒತ್ತೂ ಸರಿಯಾಗಿ ಕೂತಿತು. ನನ್ನ ಕೆಲಸದ ಹೆಸರು ನನ್ನ ನುಡಿಯಲ್ಲಿ, ನಾನೇ ಇರಿಸಿದ ಜಾಗದಲ್ಲಿ ಕಂಡಾಗ ಆದ ಸಂತೋಷ ಸಣ್ಣದಲ್ಲ.

ಆದರೆ ಕನ್ನಡ ಬೆರಳಚ್ಚಿಸಲು ಕುಳಿತಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೇ ಮೂಡಿದವು. ಕಾರಣ ಸರಳವಾಗಿತ್ತು. ದೊಡ್ಡ ಡೆಸ್ಕ್‌ಟಾಪ್‌ಗಳು ಐಬಸ್ ಎಂಬ ಕೀಲಿಮಣೆ ಸೇವೆಯನ್ನು ನಮಗೆ ತಿಳಿಯದಂತೆ ತಾವೇ ಎಬ್ಬಿಸಿಡುತ್ತವೆ. ಓಪನ್‌ಬಾಕ್ಸ್ ಹೇಳದೆ ಏನನ್ನೂ ಎಬ್ಬಿಸುವುದಿಲ್ಲ. ಅದರ ‘ಆಟೋಸ್ಟಾರ್ಟ್’ ಕಡತದಲ್ಲಿ ಐಬಸ್‌ಗಾಗಿ ಒಂದು ಸಾಲು, ಪಕ್ಕದ ‘ಎನ್‌ವಿರಾನ್‌ಮೆಂಟ್’ ಕಡತದಲ್ಲಿ ಅದನ್ನು ಬಳಸುವಂತೆ ಇತರ ತಂತ್ರಾಂಶಗಳಿಗೆ ತಿಳಿಸುವ ಎರಡು ಮೂರು ಸಾಲು ಸೇರಿಸಿ, ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡ ಮೇಲೆ ತೊಡಕು ಕಳೆಯಿತು. ವೈ-ಫೈ, ಧ್ವನಿಯ ಏರಿಳಿತ, ಪೆನ್‌ಡ್ರೈವ್ ಗುರುತಿಸುವಿಕೆ, ಪರದೆಯ ಬೀಗ, ಇವನ್ನೂ ಹೀಗೆಯೇ ಒಂದೊಂದಾಗಿ ಕರೆತರಬೇಕಾಯಿತು. ಇದಕ್ಕೆ ನನ್ನ ಎರಡು ಸಂಜೆಗಳು ಹಿಡಿದವು. ಬಿಡುವಿಲ್ಲದವರಿಗೆ ಇದು ಹೊರೆಯೇ ಹೌದು. ಅಂಥವರು ಪಟ್ಟಿಯನ್ನೂ ಮೆನುವನ್ನೂ ಮೊದಲೇ ಇಟ್ಟುಕೊಂಡಿರುವ ಐಸ್‌ಡಬ್ಲ್ಯೂಎಂ ಆರಿಸಿಕೊಳ್ಳುವುದು ಮೇಲು. ನನ್ನ ಮಟ್ಟಿಗೆ ಮಾತ್ರ ಆ ಎರಡು ಸಂಜೆ ವ್ಯರ್ಥವಾಗಲಿಲ್ಲ, ಏಕೆಂದರೆ ನನ್ನ ಯಂತ್ರದಲ್ಲಿ ಯಾವುದು, ಯಾರು ಹೇಳಿ ಓಡುತ್ತಿದೆ ಎಂಬುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ವೇಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಶೆಲ್ ಹಗುರವಾದ ಮಾತ್ರಕ್ಕೆ ಅಂತರ್ಜಾಲದ ಪುಟಗಳು ಹಗುರವಾಗುವುದಿಲ್ಲ; ಬ್ರೌಸರ್‌ನಲ್ಲಿ ಹತ್ತಾರು ಪುಟ ತೆರೆದರೆ ನನ್ನ ಲ್ಯಾಪ್‌ಟಾಪ್ ಈಗಲೂ ಏದುಸಿರು ಬಿಡುತ್ತದೆ. ಬರೆಯುವ, ಓದುವ, ಲೆಕ್ಕವಿಡುವ ಕೆಲಸಕ್ಕಾದರೆ ಅದು ಚುರುಕಾಗಿ ನಿಲ್ಲುತ್ತದೆ.

ಓಪನ್‌ಬಾಕ್ಸ್‌ನ ಕೊನೆಯ ಅಧಿಕೃತ ಆವೃತ್ತಿ ಬಂದದ್ದು 2015ರಲ್ಲಿ. ಲಿನಕ್ಸ್ ಲೋಕ ಈಗ ಎಕ್ಸ್ ಅನ್ನು ಬಿಟ್ಟು ಅದರ ಜಾಗಕ್ಕೆ ಬಂದಿರುವ ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನತ್ತ ಸಾಗುತ್ತಿದ್ದು, ಅಲ್ಲಿ ಓಪನ್‌ಬಾಕ್ಸ್ ನಡೆಯದು. ಆದರೂ ಅದೇ ಮಾದರಿಯ ಕಡತಗಳನ್ನು ಓದುವ ಲ್ಯಾಬ್‌ಡಬ್ಲ್ಯೂಸಿ ಎಂಬ ತಂತ್ರಾಂಶ ಬಂದಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ವ್ಯವಸ್ಥೆ 2024ರಲ್ಲಿ ಅದನ್ನೇ ಅಳವಡಿಸಿಕೊಂಡಿತು.

ಪರೀಕ್ಷಿಸಿ ನೋಡಬಯಸುವ ಲಿನಕ್ಸ್ ಬಳಕೆದಾರರು ಇರುವ ಡೆಸ್ಕ್‌ಟಾಪನ್ನು ತೆಗೆಯಬೇಕಾಗಿಲ್ಲ. ಓಪನ್‌ಬಾಕ್ಸ್ ಹಾಕಿಕೊಂಡ ಮೇಲೆ ಲಾಗಿನ್ ಪರದೆಯಲ್ಲಿ ಸೆಷನ್ ಆರಿಸುವ ಕಡೆ ಅದರ ಹೆಸರೂ ಕಾಣುತ್ತದೆ. ಒಗ್ಗದಿದ್ದರೆ ಲಾಗೌಟ್ ಮಾಡಿ ಹಳೆಯದನ್ನೇ ಮತ್ತೆ ಆರಿಸಿಕೊಳ್ಳಿ. ನಿಮ್ಮ ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ.

ನಮಸ್ಕಾರ.