ಸಿಬಿಲ್‌ನಲ್ಲಿ ಕಾಣದ ಹಳೇ ಸಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಕಟ್ಟಲೋ ಟ್ರ್ಯಾಕ್ಟರ್ ಕೊಳ್ಳಲೋ ಬ್ಯಾಂಕಿಗೆ ಹೋದರೆ ಮ್ಯಾನೇಜರು ಮೊದಲು ತೆಗೆದು ನೋಡುವುದು ನಮ್ಮ ಸಾಲಗಳ ಲೆಕ್ಕ ಹೇಳುವ ಸಿಬಿಲ್ ವರದಿಯನ್ನು. ಅದು ಚೊಕ್ಕವಾಗಿದ್ದರೆ ನಮ್ಮ ಮೇಲೆ ಯಾವ ಸಾಲವೂ ಇಲ್ಲ ಎಂದು ನೆಮ್ಮದಿಯಾಗಿರುತ್ತೇವೆ. ಆದರೆ ಆ ವರದಿಗೆ ಮಾಹಿತಿ ಕೊಡುವುದು ಬ್ಯಾಂಕು, ಫೈನಾನ್ಸ್ ಕಂಪನಿಯಂಥ ಸಂಸ್ಥೆಗಳು. ಊರಿನ ಸಾಹುಕಾರರಿಗೆ ಬರೆದುಕೊಟ್ಟ ಪ್ರೋನೋಟು, ಗೊಬ್ಬರದಂಗಡಿಯ ಉದ್ರಿ, ನೆಂಟರ ಕೈಗಡ ಅಲ್ಲಿ ಸಿಗುವುದಿಲ್ಲ. ಸಿಬಿಲ್ ಸಂಸ್ಥೆ ಹುಟ್ಟಿದ್ದೇ 2000ದಲ್ಲಿ, ಹಾಗಾಗಿ ತೀರಾ ಹಳೆಯ ಬ್ಯಾಂಕ್ ಸಾಲಗಳೂ ಅದರಲ್ಲಿ ಸಿಗಲಿಕ್ಕಿಲ್ಲ.

ವರದಿಯಲ್ಲಿಲ್ಲ ಎಂದ ಮಾತ್ರಕ್ಕೆ ಸಾಲ ಇಲ್ಲ ಎಂದಲ್ಲ. ಯಾರೋ ಹಳೇ ಕಾಗದ ಹಿಡಿದು ಬಾಗಿಲಿಗೆ ಬಂದರು ಎಂದ ಮಾತ್ರಕ್ಕೆ ಕೋರ್ಟು ಅದನ್ನು ಕೊಡಿಸುತ್ತದೆ ಎಂದೂ ಅಲ್ಲ. ಅದನ್ನು ತೀರ್ಮಾನಿಸುವುದು ಹೆಚ್ಚಾಗಿ ಆ ಕಾಗದದ ಮೇಲಿನ ತಾರೀಖು.

1963ರ ಕಾಲಮಿತಿ ಕಾಯ್ದೆಯಂತೆ, ಸಾಮಾನ್ಯ ಕೈಸಾಲದ ವಸೂಲಿಗೆ ದಾವೆ ಹೂಡಲು ಇರುವ ಅವಧಿ 3 ವರ್ಷ. ಕೇಳಿದಾಗ ಕೊಡುತ್ತೇನೆ ಎಂದು ಬರೆದ ಪ್ರೋನೋಟಿಗೆ ಆ ನೋಟಿನ ತಾರೀಖಿನಿಂದಲೇ ಎಣಿಕೆ. ಅವಧಿ ಮೀರಿ ಹೂಡಿದ ದಾವೆಯನ್ನು, ಸಾಲಗಾರ ಆ ಮಾತು ಎತ್ತದಿದ್ದರೂ, ನ್ಯಾಯಾಲಯ ವಜಾ ಮಾಡಬೇಕು. ಜಮೀನೋ ಮನೆಯೋ ಅಡಮಾನವಾಗಿದ್ದರೆ ಲೆಕ್ಕ ಬೇರೆ, ಅಲ್ಲಿ 12 ವರ್ಷ. ಈಗಾಗಲೇ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು ಆಗಿದ್ದರೆ ಅದರ ಜಾರಿಗೂ 12 ವರ್ಷ.

ಇನ್ನು ನಮ್ಮ ಹಳ್ಳಿಗಳಲ್ಲಿ ನಡೆಯುವುದನ್ನು ನೋಡಿ. ಮೂರು ವರ್ಷ ತುಂಬುತ್ತಾ ಬಂತು ಎನ್ನುವಾಗ ಸಾಲ ಕೊಟ್ಟವರು ಬರುತ್ತಾರೆ. “ದುಡ್ಡು ಈಗಲೇ ಬೇಡಪ್ಪ, ನೋಟು ಬದಲಾಯಿಸಿಕೊಡು ಸಾಕು” ಎನ್ನುತ್ತಾರೆ. ಸದ್ಯ ದುಡ್ಡು ಕೇಳಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬೀಳುತ್ತದೆ. ಅಲ್ಲಿಗೆ ಹೊಸ ನೋಟಿನ ತಾರೀಖಿನಿಂದ ಮೂರು ವರ್ಷದ ಎಣಿಕೆ ಮತ್ತೆ ಶುರು. 50,000 ರೂಪಾಯಿಗೆ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದುಕೊಳ್ಳಿ. ಮೂರು ವರ್ಷಕ್ಕೆ ಬಡ್ಡಿಯೇ 36,000. ಹೊಸ ನೋಟಿನಲ್ಲಿ ಅಸಲೆಂದು ಬರೆಯುವುದು 86,000. ಇನ್ನೊಮ್ಮೆ ಬದಲಾಯಿಸುವಾಗ ಅದು 1,47,920 ಆಗಿರುತ್ತದೆ. ಕೈಗೆ ಬಂದದ್ದು ಮಾತ್ರ ಅದೇ 50,000. ಸಹಿ ಮಾಡುವ ಮೊದಲು ಈ ಲೆಕ್ಕವನ್ನು ಓದು ಬಲ್ಲ ಮಗಳ ಕೈಯಲ್ಲಾದರೂ ಮಾಡಿಸಿ ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ಹೊಸ ನೋಟೇ ಆಗಬೇಕೆಂದಿಲ್ಲ. ಅವಧಿಯೊಳಗೆ ಬಾಕಿ ಇದೆ ಎಂದು ಬರೆದು ಸಹಿ ಮಾಡಿದರೂ, ಸ್ವಲ್ಪ ಹಣವನ್ನು ಚೆಕ್ಕಿನಲ್ಲಿ ಕೊಟ್ಟರೂ, ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ, ತೀರಿಸುತ್ತೇನೆ ಎಂದು ಬರೆದು ಸಹಿ ಹಾಕಿದರೆ 1872ರ ಕರಾರು ಕಾಯ್ದೆಯ 25ನೇ ಕಲಮಿನಂತೆ ಆ ಮಾತಿಗೆ ನೀವು ಬದ್ಧರು.

ಮನೆಯ ಯಜಮಾನ ತೀರಿಹೋದಾಗಲಂತೂ ತಿಥಿ ಮುಗಿಯುವ ಮೊದಲೇ ಹಳೇ ನೋಟುಗಳು ಹೊರಬರುತ್ತವೆ. ಅಪ್ಪನ ಸಾಲಕ್ಕೆ ಮಕ್ಕಳ ಹೊಣೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ. ಮಗನೆಂಬ ಒಂದೇ ಕಾರಣಕ್ಕೆ ಅವನ ಸ್ವಂತ ದುಡಿಮೆಗೆ ಕೈಹಾಕಲು ಬರುವುದಿಲ್ಲ. ಆದರೆ ದುಃಖದಲ್ಲಿ, ನಾಲ್ಕು ಜನರ ಎದುರಿನ ಮುಜುಗರದಲ್ಲಿ ಅವನು ತನ್ನ ಹೆಸರಿನಲ್ಲಿ ಹೊಸ ನೋಟು ಬರೆದುಕೊಟ್ಟರೆ ಅದು ಅವನದೇ ಸಾಲವಾಗಬಹುದು. ಆ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಬೇಡ. “ನಕಲು ಕೊಟ್ಟು ಹೋಗಿ, ನೋಡಿ ಹೇಳುತ್ತೇವೆ” ಎಂದರೆ ಸಾಕು. ಬ್ಯಾಂಕಿನಿಂದ ನಿಮ್ಮ ಹಳೇ ಸಾಲ ಕೊಂಡಿದ್ದೇವೆ ಎಂದು ಫೋನು ಮಾಡುವವರಿಗೂ ಇದೇ ಉತ್ತರ: ವರ್ಗಾವಣೆಯ ದಾಖಲೆ ಮತ್ತು ಪೂರ್ತಿ ಲೆಕ್ಕವನ್ನು ಬರಹದಲ್ಲಿ ಕಳಿಸಲಿ.

ಸಾಲ ತೀರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಕಾಯ್ದೆ ದಾವೆಯ ದಾರಿಯನ್ನು ಮುಚ್ಚುತ್ತದೆಯೇ ಹೊರತು ಪಡೆದ ಋಣವನ್ನು ಅಳಿಸುವುದಿಲ್ಲ. ಮಗುವಿನ ಆಪರೇಷನ್ನಿಗೆಂದು ಸೋದರಮಾವ ಕೊಟ್ಟ ಹಣಕ್ಕೆ ಮೂರು ವರ್ಷದ ನೆಪ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ತೀರಿಸುವಾಗ ಮೂಲ ನೋಟನ್ನೇ ವಾಪಸು ಪಡೆಯಿರಿ. ಭದ್ರತೆಗೆಂದು ಕೊಟ್ಟಿದ್ದ ಖಾಲಿ ಚೆಕ್ಕುಗಳನ್ನು ಎಣಿಸಿ ತನ್ನಿ. ಪೂರ್ತಿ ಚುಕ್ತಾ ಎಂದು ಬರೆಸಿ, ಸಹಿ ಮಾಡಿಸಿ.

ದಾರಿ ತೋಚದಿದ್ದರೆ ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಕೋರ್ಟಿನ ಸಮನ್ಸ್ ಬಂದಿದ್ದರಂತೂ, ಸಾಲ ಎಷ್ಟೇ ಹಳೆಯದಿರಲಿ, ಆ ವಾರವೇ ಹೊರಡಿ. ಲಿಖಿತ ಉತ್ತರ ಸಲ್ಲಿಸಲು ಸಾಮಾನ್ಯವಾಗಿ ಇರುವುದು 30 ದಿನ.

ನಮಸ್ಕಾರ.